ಹುಡುಗಿ ಬಾಯಿ ಬಿಟ್ಟರೆ ಶಾಲೆ ಬಿಡಿಸುವ ಊರುಗಳು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸಾಲು ತಪ್ಪದೆ ಅಚ್ಚಾಗುತ್ತದೆ: ‘ಬಾಲಕಿಯರದೇ ಮೇಲುಗೈ’. ಅದರ ಕೆಳಗೆ ಮಗಳಿಗೆ ಪೇಢೆ ತಿನ್ನಿಸುತ್ತಿರುವ ತಾಯಿಯ ಫೋಟೊ. 2024ರಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇ 81.11ರಷ್ಟು ಮಂದಿ ಪಾಸಾದರು, ಹುಡುಗರಲ್ಲಿ ಶೇ 65.90. ಈ ಅಂತರ ಆ ಒಂದು ವರ್ಷದ್ದಲ್ಲ, ಬಹಳ ಕಾಲದಿಂದ ಹೀಗೇ ಇದೆ. ಹಾವೇರಿಯ ಅಧಿಕಾರಿ, ರಾಣೆಬೆನ್ನೂರಿನ ಟ್ಯೂಷನ್ ಮಾಸ್ತರ, ಬ್ಯಾಡಗಿಯ ಪಾಲಕ ಎಲ್ಲರೂ ಆ ಸಾಲನ್ನು ಓದಿ ನಿರಾಳವಾಗುತ್ತಾರೆ. ಹುಡುಗಿಯರು ಓದುತ್ತಿದ್ದಾರೆ, ಗೆಲ್ಲುತ್ತಿದ್ದಾರೆ, ಅವರ ಬಗ್ಗೆ ಚಿಂತೆ ಬೇಡ, ಹಾಳಾಗುತ್ತಿರುವವರು ಹುಡುಗರು ಎಂಬ ನಿರಾಳ.

ನನ್ನ ಸಿಟ್ಟು ಈ ನಿರಾಳದ ಮೇಲೆ.

ಆ ಅಂಕಗಳನ್ನು ಹುಡುಗಿಯರಿಂದ ಹೇಗೆ ತೆಗೆಸುತ್ತೇವೆ ಎಂದು ಯಾರೂ ಕೇಳುವುದಿಲ್ಲ. ಹತ್ತನೇ ತರಗತಿಯ ಹುಡುಗ ಫೇಲಾದರೆ ಮನೆಯಲ್ಲಿ ಬೈಗುಳ ಬೀಳುತ್ತದೆ, ಎರಡು ದಿನ ಮುಖ ಮರೆಸಿಕೊಂಡು ತಿರುಗುತ್ತಾನೆ, ಆಮೇಲೆ ಅಪ್ಪನೇ ‘ಮತ್ತ ಕಟ್ಟು, ಏನ್ ಆಕ್ಕೈತಿ’ ಅನ್ನುತ್ತಾನೆ. ಅದೇ ಮನೆಯ ಹುಡುಗಿಗೆ ಶಾಲೆ ಶುರುವಾಗುವ ಜೂನ್‌ನಲ್ಲೇ ಹೇಳಿಟ್ಟಿರುತ್ತಾರೆ: ‘ಪಾಸಾಗ್ಲಿಲ್ಲಂದ್ರ ಮದುವಿ ಮಾಡಿ ಕಳಸ್ತೇವಿ ನೋಡು.’ ಅಪ್ಪ ಸಿಟ್ಟಿನಲ್ಲಿ ಹೇಳುತ್ತಾನೆ, ಅಜ್ಜಿ ನಗುತ್ತಾ ಹೇಳುತ್ತಾಳೆ, ಊರಿನಿಂದ ಬಂದ ಸೋದರತ್ತೆ ಚಹಾ ಕುಡಿಯುತ್ತಾ ಹೇಳುತ್ತಾಳೆ. ಹೇಳಿದವರಿಗೆ ಅದು ಚೇಷ್ಟೆ ಇರಬಹುದು. ಕೇಳಿಸಿಕೊಂಡವಳಿಗೆ ಅಲ್ಲ, ಏಕೆಂದರೆ ಹಿಂದಿನ ವರ್ಷ ಪಕ್ಕದ ಓಣಿಯ ಅಕ್ಕನಿಗೆ ಹಾಗೆಯೇ ಆದದ್ದನ್ನು ಅವಳು ನೋಡಿದ್ದಾಳೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಐವರಲ್ಲಿ ಒಬ್ಬಳು. ಆ ಒಬ್ಬಳ ಕಥೆ ಉಳಿದ ನಾಲ್ವರಿಗೆ ಗೊತ್ತಿರುತ್ತದೆ. ಮಧ್ಯರಾತ್ರಿ ಒಂದಕ್ಕೆ ದೀಪ ಹಚ್ಚಿಕೊಂಡು ಗಣಿತದ ಲೆಕ್ಕ ಬಿಡಿಸುತ್ತಿರುವ ಹುಡುಗಿಯನ್ನು ಕಂಡು ‘ಎಷ್ಟ ಶ್ಯಾಣ್ಯಾಕಿ’ ಎಂದು ಹೆಮ್ಮೆಪಡುವ ತಂದೆತಾಯಿಗಳೇ, ಅವಳು ಲೆಕ್ಕದ ಮೇಲಿನ ಪ್ರೀತಿಗೆ ಎಚ್ಚರವಿದ್ದಾಳೋ ನಿಮ್ಮ ಮಾತಿನ ಭಯಕ್ಕೆ ಎಚ್ಚರವಿದ್ದಾಳೋ, ಒಮ್ಮೆಯಾದರೂ ಕೇಳಿದ್ದೀರಾ?

ಓದಿನ ಒತ್ತಡ ಎಲ್ಲ ಮಕ್ಕಳಿಗೂ ಇದೆ, ನಿಜ. ಎನ್‌ಸಿಇಆರ್‌ಟಿ 2022ರಲ್ಲಿ 3,79,842 ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಶೇ 81ರಷ್ಟು ಮಕ್ಕಳು ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣ ಎಂದಿದ್ದರು. ಆದರೆ ನಮ್ಮ ಊರುಗಳಲ್ಲಿ ಹುಡುಗಿಯ ಒತ್ತಡಕ್ಕೆ ಇನ್ನೊಂದು ಬೇರು ಇದೆ, ಅದನ್ನು ಯಾವ ಸಮೀಕ್ಷೆಯ ಪ್ರಶ್ನೆಪತ್ರಿಕೆಯೂ ಮುಟ್ಟುವುದಿಲ್ಲ. ಇಲ್ಲಿ ಹುಡುಗಿಗೆ ಏನೇ ಆದರೂ, ತಪ್ಪು ಯಾರದ್ದೇ ಇದ್ದರೂ, ದಂಡ ವಸೂಲಾಗುವುದು ಅವಳ ಶಾಲೆಯಿಂದ. ಬಸ್ಸಿನಲ್ಲಿ ಯಾರೋ ಮೈಮುಟ್ಟಿದರೆ ಶಾಲೆ ಬಿಡಿಸುತ್ತಾರೆ. ಯಾವನೋ ಚೀಟಿ ಕೊಟ್ಟರೆ ಬಿಡಿಸುತ್ತಾರೆ. ಗೆಳತಿಯೊಬ್ಬಳು ಯಾರ ಜೊತೆಗೋ ಓಡಿಹೋದರೆ ಇಡೀ ಓಣಿಯ ಹುಡುಗಿಯರ ಶಾಲೆಗೆ ಕುತ್ತು ಬರುತ್ತದೆ. ಈ ಲೆಕ್ಕ ಹುಡುಗಿಯರಿಗೆ ಆರನೇ ತರಗತಿಯಲ್ಲೇ ಬಾಯಿಪಾಠವಾಗಿರುತ್ತದೆ. ಹಾಗಾಗಿ ಅವರು ಏನನ್ನೂ ಹೇಳುವುದಿಲ್ಲ. ಹೇಳದೆ ಇದ್ದುದನ್ನು ನಾವು ‘ಏನೂ ಇಲ್ಲ’ ಎಂದು ಓದಿಕೊಳ್ಳುತ್ತೇವೆ, ‘ನಮ್ಮ ಹುಡುಗಿ ಭಾಳ ಶಾಂತ ಸ್ವಭಾವದಾಕಿ’ ಎಂದು ನೆಂಟರ ಮುಂದೆ ಹೊಗಳುತ್ತೇವೆ.

ಸಂಜೆ ಐದರ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಯಾವುದಾದರೂ ಬಸ್‌ಸ್ಟ್ಯಾಂಡಿಗೆ ಹೋಗಿ ಅರ್ಧ ತಾಸು ನಿಲ್ಲಿ. ಹಳ್ಳಿಯ ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ, ಚೀಲವನ್ನು ಎದೆಗೆ ಅವಚಿಕೊಂಡು, ಮೂರು ನಾಲ್ಕು ಮಂದಿ ಗುಂಪಾಗಿ ನಿಂತಿರುತ್ತಾರೆ. ಒಬ್ಬಳೇ ಬಂದವಳು ಗುರುತಿಲ್ಲದಿದ್ದರೂ ಯಾರೋ ಹೆಂಗಸಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾಳೆ, ಅವರ ಮಗಳೋ ಎಂಬಂತೆ. ಎದುರಿಗೆ ಬೈಕಿನ ಮೇಲೆ ಕುಳಿತ ಹುಡುಗರು ಅವಳ ಹೆಸರು ಹಿಡಿದು ಪಕ್ಕದವನನ್ನು ಕೂಗುತ್ತಾರೆ. ಅವಳು ನೆಲ ನೋಡುತ್ತಾಳೆ. ಬಸ್ ಬರುತ್ತದೆ, ತುಂಬಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹೈಸ್ಕೂಲು, ಕಾಲೇಜಿಗೆ ಹುಡುಗಿಯರನ್ನು ಕಳಿಸಲು ಅದರಿಂದ ನಿಜವಾಗಿ ಅನುಕೂಲವಾಗಿದೆ, ಅದನ್ನು ಆಡಿಕೊಳ್ಳುವವರ ಪೈಕಿ ನಾನಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ ಹಳ್ಳಿಯ ದಾರಿಗೆ ಇರುವುದೇ ಒಂದೋ ಎರಡೋ ಬಸ್ಸು. ಅದರ ಮೆಟ್ಟಿಲ ಮೇಲೆ ನೂಕಾಟದಲ್ಲಿ ಏನು ನಡೆಯುತ್ತದೆ ಎಂದು ಕಂಡಕ್ಟರಿಗೆ ಗೊತ್ತು, ನಿಂತ ಗಂಡಸರಿಗೆ ಗೊತ್ತು, ಕುಳಿತ ಹೆಂಗಸರಿಗೂ ಗೊತ್ತು. ಒಬ್ಬರೂ ತುಟಿ ಬಿಚ್ಚುವುದಿಲ್ಲ. ಮನೆಗೆ ಬಂದ ಹುಡುಗಿ ಕೈಕಾಲು ತೊಳೆದು ರೊಟ್ಟಿ ತಟ್ಟಲು ಕೂಡುತ್ತಾಳೆ. ‘ಇವತ್ತು ಏನ್ ಕಲಿಸಿದ್ರವ್ವ’ ಎಂದು ಅವ್ವ ಕೇಳಿದರೆ ಪಾಠದ ಹೆಸರು ಹೇಳುತ್ತಾಳೆ.

ಹೇಳಲಾಗದ್ದು ಎಲ್ಲಿಗೂ ಹೋಗುವುದಿಲ್ಲ, ಮೈಗೆ ಇಳಿಯುತ್ತದೆ. ನಮ್ಮ ಹೈಸ್ಕೂಲುಗಳಲ್ಲಿ ಹುಡುಗಿಯರ ಹೊಟ್ಟೆನೋವು, ತಲೆನೋವು, ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬೀಳುವುದು ಎಷ್ಟು ಸಾಮಾನ್ಯ ಎಂದರೆ ಸ್ಟಾಫ್‌ರೂಮಿನಲ್ಲಿ ಯಾರೂ ಎದ್ದು ಸಹ ನೋಡುವುದಿಲ್ಲ. ‘ಮುಂಜಾನೆ ಉಂಡಿಲ್ಲ, ಅದಕ್ಕ’ ಎನ್ನುತ್ತಾರೆ. ಉಂಡಿಲ್ಲದೇ ಇರಬಹುದು. ರಕ್ತಹೀನತೆಯೂ ಇರಬಹುದು, ರಾಜ್ಯದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಇದೆ. ಆದರೆ ವೈದ್ಯರು ತಪಾಸಿಸಿ ಮೈಯಲ್ಲಿ ಏನೂ ಕೊರತೆಯಿಲ್ಲ ಎಂದ ಮೇಲೂ ಪ್ರತಿ ಸೋಮವಾರ ಬರುವ ಹೊಟ್ಟೆನೋವು, ಗಣಿತದ ಪೀರಿಯಡ್ಡಿಗೇ ಬರುವ ಉಸಿರುಗಟ್ಟುವಿಕೆ, ಬಸ್ಸು ಹತ್ತುವ ಮುಂಚೆ ಬರುವ ವಾಂತಿ ಏನೋ ಹೇಳುತ್ತಿರುತ್ತವೆ. ಮನಸ್ಸಿನ ಕಷ್ಟ ಹೀಗೆ ಮೈಯ ಮೂಲಕ ಹೊರಬರುವುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ನಮ್ಮ ಮನೆಗಳು ಅದಕ್ಕೆ ಕೊಡುವ ಉತ್ತರ ಎರಡೇ. ‘ಸೋಗು ಹಾಕ್ತಾಳ’ ಎನ್ನುವುದು ಒಂದು. ‘ಗಾಳಿ ಸೋಕೇತಿ’ ಎಂದು ತಾಯತ ಕಟ್ಟಿಸುವುದು ಇನ್ನೊಂದು. ಸುಳ್ಳುಗಾರ್ತಿ ಎನ್ನಿಸಿಕೊಂಡವಳು ಮುಂದಿನ ಸಲ ನೋವನ್ನೂ ಹೇಳುವುದಿಲ್ಲ. ಗಾಳಿ ಸೋಕಿದವಳು ಎನ್ನಿಸಿಕೊಂಡವಳಿಗೆ ಓಣಿಯಲ್ಲಿ ಹೆಸರು ಬೀಳುತ್ತದೆ, ‘ಲಗೂ ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ’ ಎಂದು ಹಿರಿಯರು ಸಲಹೆ ಕೊಡುತ್ತಾರೆ. ಅವಳಿಗೆ ಯಾವುದರ ಭಯವೋ ಅದನ್ನೇ ಮದ್ದು ಎಂದು ಎದುರಿಗೆ ತಂದು ಇಡುತ್ತಾರೆ. ಇದು ಕ್ರೌರ್ಯ. ಪ್ರೀತಿಯ ಹೆಸರಿನಲ್ಲಿ ಮಾಡಿದರೂ ಕ್ರೌರ್ಯವೇ.

ಶಾಲೆಗೆ ಬರುತ್ತೇನೆ. ಶಿಕ್ಷಕರ ಮೇಲೂ ಮೇಲಿನಿಂದ ಒತ್ತಡವಿದೆ ಎಂಬುದು ಗೊತ್ತಿದೆ. ಜಿಲ್ಲೆಗೆ ಎಷ್ಟನೇ ಸ್ಥಾನ, ತಾಲ್ಲೂಕಿಗೆ ಎಷ್ಟನೇ ಸ್ಥಾನ ಎಂಬ ಪಟ್ಟಿ ಅವರ ತಲೆಯ ಮೇಲೆ ವರ್ಷಪೂರ್ತಿ ತೂಗುತ್ತಿರುತ್ತದೆ. ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಲು ಫೋನ್, ಪಾಸಿಂಗ್ ಪ್ಯಾಕೇಜು, ಪ್ರಿಪರೇಟರಿ ಮೇಲೆ ಪ್ರಿಪರೇಟರಿ. ಇದನ್ನೆಲ್ಲ ಒಳ್ಳೆಯ ಮನಸ್ಸಿನಿಂದ ಮಾಡುವ ಅಕ್ಕೋರು, ಮಾಸ್ತರರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನನ್ನ ಗೌರವವಿದೆ. ಆದರೆ ಅದೇ ಶಾಲೆಗಳಲ್ಲಿ ಬುದ್ಧಿವಂತರ ಸೆಕ್ಷನ್ ಬೇರೆ, ‘ಡಲ್’ ಮಕ್ಕಳ ಸೆಕ್ಷನ್ ಬೇರೆ ಎಂದು ವಿಂಗಡಿಸುವವರು ಯಾರು? ಟೆಸ್ಟಿನ ಅಂಕವನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿ, ಕಡಿಮೆ ಬಂದವಳನ್ನು ಹುಡುಗರ ಕಡೆ ಮುಖ ಮಾಡಿಸಿ ನಿಲ್ಲಿಸುವವರು ಯಾರು? ‘ಸಾಲಿ ಬಿಟ್ಟು ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗು, ಅದಕ್ಕ ಲಾಯಕ್ಕು ನೀನು’ ಎನ್ನುವ ಮಾತು ಬ್ಯಾಡಗಿಯಂಥ ಊರಿನಲ್ಲಿ ಬರೀ ಬೈಗುಳವಲ್ಲ, ಅದು ಆ ಹುಡುಗಿಯ ತಾಯಿಯ ದುಡಿಮೆಗೂ ಮಾಡಿದ ಅವಮಾನ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಕೋಲು ಕೆಳಗಿಟ್ಟೆವು ಎಂದು ಬೀಗುವ ಶಾಲೆಗಳು ಅರ್ಧ ಕಲಮನ್ನಷ್ಟೇ ಓದಿವೆ.

ಎಷ್ಟೋ ಶಾಲೆಗಳ ಕಾರಿಡಾರಿನಲ್ಲಿ ದೂರು-ಸಲಹೆ ಪೆಟ್ಟಿಗೆ ತೂಗುಬಿಟ್ಟಿರುತ್ತಾರೆ. ಎಲ್ಲಿ ಎಂದು ಗಮನಿಸಿ: ಹೆಚ್ಚಾಗಿ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲ ಪಕ್ಕದಲ್ಲೇ. ಕೀಲಿ ಅವರ ಟೇಬಲ್ಲಿನ ಡ್ರಾವರಿನಲ್ಲಿ. ಚೀಟಿ ಹಾಕುವ ಹುಡುಗಿ ಇಡೀ ಸ್ಟಾಫ್‌ರೂಮಿಗೆ ಕಾಣುತ್ತಾಳೆ. ಹಾಕಿದಳು ಎನ್ನೋಣ, ಅಕ್ಷರ ನೋಡಿ ಯಾರದ್ದೆಂದು ಗುರುತು ಹಿಡಿಯಲು ಕನ್ನಡ ಮಾಸ್ತರರಿಗೆ ಎರಡು ನಿಮಿಷ ಸಾಕು. ಆಮೇಲೆ ಅವಳನ್ನೇ ಕರೆದು ವಿಚಾರಣೆ. ಅವಳ ತಂದೆಗೆ ಫೋನ್. ತಂದೆ ಬರುತ್ತಾನೆ, ಮರ್ಯಾದೆ ಹೋಯಿತೆಂದು ಮಗಳ ಕೈ ಹಿಡಿದು ಮನೆಗೆ ಕರೆದೊಯ್ಯುತ್ತಾನೆ. ಅವಳು ಯಾರ ಬಗ್ಗೆ ಬರೆದಿದ್ದಳೋ ಅವನು ಮರುದಿನವೂ ಶಾಲೆಯ ಗೇಟಿನ ಹೊರಗೆ ಬೈಕ್ ನಿಲ್ಲಿಸಿಕೊಂಡಿರುತ್ತಾನೆ. ಪೆಟ್ಟಿಗೆ ಖಾಲಿ ಇದೆ, ನಮ್ಮ ಶಾಲೆಯಲ್ಲಿ ದೂರುಗಳೇ ಇಲ್ಲ ಎಂದು ವರ್ಷದ ಕೊನೆಗೆ ವರದಿ ಬರೆಯುವ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಅಧ್ಯಕ್ಷರು ಆ ಖಾಲಿ ಪೆಟ್ಟಿಗೆಗೆ ತಾವೇ ಕಾರಣ ಎಂದು ತಿಳಿದುಕೊಳ್ಳಬೇಕು. ಅಪರಾಧ ಅಪ್ರಾಪ್ತೆಯ ಮೇಲಿನ ಲೈಂಗಿಕ ಕಿರುಕುಳದ ಸ್ವರೂಪದ್ದಾದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರೂ ತಪ್ಪಿತಸ್ಥರೇ. ‘ಮನಿ ಮಾತು ಮನ್ಯಾಗ ಇರ್ಲಿ’ ಎಂದು ರಾಜಿ ಮಾಡಿಸುವ ಊರ ಹಿರಿಯರಿಗೆ ಆ ಕಾಯ್ದೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಇನ್ನು ನಮ್ಮ ಹಾವೇರಿ ಜಿಲ್ಲೆಯ ಎರಡು ಹೆಮ್ಮೆಗಳ ಬಗ್ಗೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬಣ್ಣಕ್ಕೆ, ಸುಕ್ಕಿಗೆ ಜಗತ್ತಿನಲ್ಲೆಲ್ಲ ಹೆಸರು. ಮಾರುಕಟ್ಟೆಯ ಭರಾಟೆ ಇರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಬಳ್ಳಾರಿ, ರಾಯಚೂರು, ಆಚೆ ಆಂಧ್ರದಿಂದಲೂ ಚೀಲಗಳು ಬಂದು ಬೀಳುತ್ತವೆ. ಆ ಕಾಯಿಯ ತೊಟ್ಟು ಬಿಡಿಸುವ ಕೆಲಸ ಹೆಂಗಸರದ್ದು, ಕೂಲಿ ಕೆಜಿ ಲೆಕ್ಕ. ಕೆಜಿ ಲೆಕ್ಕ ಎಂದ ಮೇಲೆ ತಾಯಿಯ ಎರಡು ಕೈ ಸಾಲುವುದಿಲ್ಲ, ಶಾಲೆ ಬಿಟ್ಟು ಬಂದ ಮಗಳ ಎರಡು ಕೈಯೂ ಅದಕ್ಕೆ ಸೇರುತ್ತವೆ. ಒಂದು ಸಂಜೆ ತೊಟ್ಟು ಬಿಡಿಸಿದ ಬೆರಳಿನ ಉರಿ ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗಬೇಕು, ಮರೆತು ಕಣ್ಣು ಉಜ್ಜಿಕೊಂಡರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಘಾಟಿಗೆ ಕೆಮ್ಮು. ಅದೇ ಬೆರಳಲ್ಲಿ ಪೆನ್ನು ಹಿಡಿದು ಮಾರ್ಚ್ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಬರೆಯಬೇಕು. ನಮ್ಮ ಊರಿನ ಭರ್ಜರಿ ಸೀಸನ್ನೂ ಹುಡುಗಿಯ ಬದುಕಿನ ದೊಡ್ಡ ಪರೀಕ್ಷೆಯೂ ಒಂದೇ ತಿಂಗಳಲ್ಲಿ ಬರುತ್ತವೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದವರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ರಾಜ್ಯವೆಲ್ಲ ಬ್ಯಾಡಗಿಯ ಕಡೆ ನೋಡಿತು. ಸರಿಯಾಗಿ ಎರಡು ವಾರಕ್ಕೆ, ಮಾರ್ಚ್ 25ಕ್ಕೆ, ಪರೀಕ್ಷೆ ಶುರುವಾಯಿತು. ದರದ ಬಗ್ಗೆ, ದಲಾಲರ ಬಗ್ಗೆ, ರೈತರ ಬಗ್ಗೆ, ಭದ್ರತೆಯ ಬಗ್ಗೆ ಎಷ್ಟೊಂದು ಮಾತು ನಡೆಯಿತು. ಮಾರುಕಟ್ಟೆ ನಿಂತರೆ ಕೂಲಿ ನಿಲ್ಲುವ ಮನೆಗಳಲ್ಲಿ ಪರೀಕ್ಷೆಗೆ ಕೂತ ಹುಡುಗಿಯರ ಬಗ್ಗೆ ಆಗ ಯಾರು ಮಾತನಾಡಿದರು? ಸೀಸನ್ನಿನ ತಿಂಗಳುಗಳಲ್ಲಿ ಸಂಜೆ ಎರಡು ತಾಸು ಹತ್ತನೇ ತರಗತಿಯ ಮಕ್ಕಳು ಕೂತು ಓದಲು ಒಂದು ಶುಚಿಯಾದ ಹಾಲು, ಬೆಳಕು, ಒಬ್ಬ ಅಕ್ಕೋರು; ಕೋಟಿಗಟ್ಟಲೆ ವಹಿವಾಟಿನ ವರ್ತಕರಿಗೆ ಇದೊಂದು ಖರ್ಚೇ? ಗಣೇಶನ ಪೆಂಡಾಲಿಗೆ ಕೈಬಿಚ್ಚಿ ಕೊಡುವ ಊರು ಇದು.

ರಾಣೆಬೆನ್ನೂರಿನದು ಬೀಜದ ಹೆಮ್ಮೆ. ಸುತ್ತಲಿನ ಹೊಲಗಳಲ್ಲಿ ಹತ್ತಿ, ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಉದ್ಯಮ. ಹಿಂದಿನ ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ಕೀಳಬೇಕು, ಮರುದಿನ ಬೆಳಗ್ಗೆ ಹೂವಿಗೆ ಪರಾಗ ಮುಟ್ಟಿಸಬೇಕು. ‘ಕ್ರಾಸಿಂಗ್’ ಎನ್ನುತ್ತಾರೆ. ಸಂಜೆಯ ಕೆಲಸವೂ ಬೆಳಗಿನ ಕೆಲಸವೂ ಶಾಲೆಯ ಹೊತ್ತಿನ ಎರಡೂ ತುದಿಯನ್ನು ಕಚ್ಚುತ್ತವೆ. ‘ಸಣ್ಣ ಬೆರಳಿನ ಹುಡುಗ್ಯಾರ ಕೈಯಾಗ ಇದು ಚಲೋ ಆಗ್ತೈತಿ’ ಎಂಬ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ! ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಾಯಿತು, ಮನೆಯವರ ಸ್ವಂತ ಕಸುಬಿಗೆ ಶಾಲೆಯ ನಂತರ ನೆರವಾಗುವುದಕ್ಕೆ ವಿನಾಯಿತಿ ಉಳಿಯಿತು. ಆ ವಿನಾಯಿತಿಯ ಸಂದಿಯಲ್ಲಿ ಏನೆಲ್ಲ ನುಸುಳುತ್ತದೆ ಎಂದು ಹೊಲದ ಬದುವಿನ ಮೇಲೆ ನಿಂತವರಿಗೆ ಗೊತ್ತು. ಕ್ರಾಸಿಂಗ್ ಮುಗಿಸಿ ತಡವಾಗಿ ಬಂದ ಹುಡುಗಿಯನ್ನು ತರಗತಿಯ ಹೊರಗೆ ನಿಲ್ಲಿಸುವ ಮಾಸ್ತರರಿಗೂ ಗೊತ್ತು.

ಹುಡುಗಿಯರು ಹುಡುಗಿಯರನ್ನು ನೋಯಿಸುವುದೂ ಇದೆ, ಅದನ್ನು ಮುಚ್ಚಿಡಬಾರದು. ಬಣ್ಣ ಕಪ್ಪು ಎಂದು ಹೆಸರಿಟ್ಟು ಕರೆಯುವುದು, ನಾಲ್ಕು ಮಂದಿ ಸೇರಿ ಒಬ್ಬಳ ಜೊತೆ ಮಾತು ಬಿಡುವುದು, ಬೀಳ್ಕೊಡುಗೆಗೆ ಯಾರ ಸೀರೆ ಎಷ್ಟರದ್ದು ಎಂಬ ಲೆಕ್ಕ, ಸ್ಟೇಟಸ್ ಹಾಕಿ ಹೆಸರು ಹೇಳದೆ ಚುಚ್ಚುವುದು. ಹದಿನಾಲ್ಕು ಹದಿನೈದರ ವಯಸ್ಸಿಗೆ ಗೆಳತಿ ಮಾತು ಬಿಟ್ಟರೆ ಅನ್ನ ಇಳಿಯುವುದಿಲ್ಲ. ದೊಡ್ಡವರು ‘ಹುಡುಗ್ಯಾರ ಜಗಳ’ ಎಂದು ನಕ್ಕು ಬಿಡುತ್ತಾರೆ. ಆದರೆ ಈ ಮಕ್ಕಳು ಅದನ್ನು ಕಲಿತದ್ದು ಎಲ್ಲಿಂದ? ಮೂರು ವರ್ಷದ ಕೂಸನ್ನು ಎತ್ತಿಕೊಂಡು ‘ಬಣ್ಣ ಅಪ್ಪನ್ನ ಹೋಲೇತಿ, ಮುಂದ ಹೆಂಗವ್ವಾ’ ಎನ್ನುವವರು ಯಾರು? ಜಾತಿ ನೋಡಿ ಮಗಳ ಗೆಳತಿಯನ್ನು ಅಂಗಳದಲ್ಲೇ ಕೂಡಿಸುವವರು ಯಾರು?

ಫೋನಿನ ಮಾತು ಬಂದರೆ ಪಾಲಕರ ಧ್ವನಿ ಏರುತ್ತದೆ. ‘ಎಲ್ಲಾ ಮೊಬೈಲಿನಿಂದ ಆಗೂದು.’ ಮೊಬೈಲಿನಿಂದ ಆಗುವುದು ಇದೆ. ಫೋಟೊ ಕದ್ದು ತಿದ್ದಿ ಹರಡುವವರಿದ್ದಾರೆ, ಹೆದರಿಸಿ ದುಡ್ಡು ಕೇಳುವವರಿದ್ದಾರೆ. ಅದಕ್ಕೆ ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇದೆ, 1930 ಎಂಬ ಸಹಾಯವಾಣಿ ಇದೆ. ಆದರೆ ಹೆದರಿಸಿದವನಿಗೆ ಇರುವ ದೊಡ್ಡ ಆಯುಧ ಆ ಫೋಟೊ ಅಲ್ಲ, ‘ನಿಮ್ಮಪ್ಪಗ ಕಳಸ್ತೀನಿ’ ಎಂಬ ಮಾತು. ಅಪ್ಪನ ಭಯ ಅವನ ಬಂಡವಾಳ. ಮಗಳು ಮೊದಲು ಓಡಿ ಬರಬೇಕಾದ ಮನುಷ್ಯನ ಹೆಸರು ಹೇಳಿ ಯಾರೋ ಅವಳನ್ನು ಬೆದರಿಸಬಲ್ಲ ಎಂದರೆ, ಮೊಬೈಲ್ ಕಸಿದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರೆ ಏನು ಪ್ರಯೋಜನ?

ಮುಟ್ಟಿನ ವಿಷಯ ಎತ್ತಿದರೆ ಸಭೆಯಲ್ಲಿ ಗಂಡಸರು ಕತ್ತು ಕೆಳಗೆ ಹಾಕುತ್ತಾರೆ, ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಾರೆ. ಈ ನಾಚಿಕೆಯ ಬೆಲೆ ಹುಡುಗಿಯರು ತಿಂಗಳಿಗೆ ಎರಡು ಮೂರು ದಿನದ ಪಾಠದಿಂದ ಕಟ್ಟುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ ಶುಚಿ ಯೋಜನೆ ಕೊರೊನಾ ಕಾಲದಿಂದ ವರ್ಷಗಟ್ಟಲೆ ನಿಂತೇ ಹೋಗಿತ್ತು. ಹೈಕೋರ್ಟ್ ಕೇಳಬೇಕಾಯಿತು, 2024ರಲ್ಲಿ ಮತ್ತೆ ಶುರುವಾಯಿತು. ನಡುವಿನ ಆ ವರ್ಷಗಳಲ್ಲಿ ಒಂದು ಎಸ್‌ಡಿಎಂಸಿ ಸಭೆಯಲ್ಲಾದರೂ ‘ಪ್ಯಾಡ್ ಯಾಕ ಬಂದಿಲ್ಲ’ ಎಂದು ಠರಾವು ಬರೆದಿದ್ದರೆ ತೋರಿಸಿ. ಬಿಸಿಯೂಟದ ಬೇಳೆ ಕಡಿಮೆ ಬಂದರೆ ಜಗಳ ತೆಗೆಯುವ ಊರಿಗೆ ಇದು ಯಾಕೆ ಕಾಣಲಿಲ್ಲ? ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದ ಶಾಲೆಯಲ್ಲಿ ಹುಡುಗಿಯರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನದ ತಲೆನೋವಿಗೆ ಅದೂ ಒಂದು ಕಾರಣ. ಚಿಲಕ ಹಾಕಿಸಲು ಬಜೆಟ್ ಬೇಡ, ಒಬ್ಬ ಬಡಗಿ ಬೇಕು.

‘ನಮ್ಮ ಕಾಲ್ದಾಗ ಇಂಥಾ ಟೆನ್ಶನ್ನು ಗಿನ್ಶನ್ನು ಇರಲಿಲ್ಲ’ ಎಂದು ಹೇಳುವ ತಾಯಂದಿರಿಗೆ, ಅತ್ತೆಯಂದಿರಿಗೆ ನನ್ನದೊಂದು ಮಾತಿದೆ. ಇತ್ತು. ನೀವು ಎಂಟನೇ ತರಗತಿಗೆ ಶಾಲೆ ಬಿಟ್ಟದ್ದು, ಗೊತ್ತಿಲ್ಲದ ಮನೆಗೆ ಹದಿನಾರಕ್ಕೆ ಸೊಸೆಯಾಗಿ ಹೋದದ್ದು, ರಾತ್ರಿ ಹಿತ್ತಿಲಲ್ಲಿ ಕೂತು ಅತ್ತದ್ದು ನಿಮಗೆ ನೆನಪಿದೆ. ಆಗ ಯಾರೂ ಕೇಳಲಿಲ್ಲ. ನಿಮ್ಮನ್ನು ಯಾರೂ ಕೇಳದೆ ಹೋದದ್ದನ್ನೇ ಮಗಳಿಗೂ ರೂಢಿಯಾಗಿ ಬಿಟ್ಟುಕೊಡುವುದು ಎಂಥ ನ್ಯಾಯ? ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಚಿಕಿತ್ಸೆ ಬೇಕಾಗುವ ಮಾನಸಿಕ ತೊಂದರೆ ಕಂಡುಬಂದಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರೋ ನಾಲ್ಕೋ ಮಕ್ಕಳು. ನಿಮ್ಮ ಮಗಳ ತರಗತಿಯಲ್ಲೂ ಅವರು ಇದ್ದಾರೆ, ಹಾಜರಿ ಹೇಳುತ್ತಾರೆ, ‘ಎಸ್ ಸರ್’ ಎನ್ನುತ್ತಾರೆ.

ನೆರವು ಎಲ್ಲೂ ಇಲ್ಲ ಎನ್ನುವ ಹಾಗೂ ಇಲ್ಲ. ಆಂಧ್ರದ ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ತೀರ್ಪು ಕೊಟ್ಟಿತು. ನೂರು ಅಥವಾ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ತರಬೇತಾದ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು, ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಬಿಡಬೇಕು, ಸಹಾಯವಾಣಿಯ ನಂಬರು ಕಣ್ಣಿಗೆ ಬೀಳುವಂತೆ ಬರೆಸಬೇಕು ಎಂದಿತು. ಹೊಸ ಕಾನೂನು ಬರುವವರೆಗೆ ಇದೇ ಕಾನೂನು. ರಾಣೆಬೆನ್ನೂರು, ಹಾವೇರಿಯ ಗೋಡೆಗಳ ಮೇಲೆ ಟಾಪರುಗಳ ಮುಖದ ಫ್ಲೆಕ್ಸ್ ಕಟ್ಟುವ ಕಾಲೇಜುಗಳೇ, ಟ್ಯೂಷನ್ ಕೇಂದ್ರಗಳೇ, ಆ ಫ್ಲೆಕ್ಸಿನ ಮೂಲೆಯಲ್ಲಾದರೂ 14416 ಎಂಬ ಐದು ಅಂಕಿಯನ್ನು ಅಚ್ಚು ಹಾಕಿಸಿದ್ದೀರಾ? ಅದು ಟೆಲಿ ಮಾನಸ್. 2022ರ ಅಕ್ಟೋಬರಿನಿಂದ ಇದೆ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098 ಅಂತೂ ಬಹಳ ಹಳೆಯದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇದೆ. ಮಗಳಿಗೆ ನಾಲ್ಕು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಗೆಳತಿಯರನ್ನು ಬಿಟ್ಟಿದ್ದಾಳೆ ಎಂದರೆ ಅಲ್ಲಿಗೆ ಕರೆದೊಯ್ಯಲು ಬೇಕಾದದ್ದು ಒಂದು ಬಸ್ಸು, ಅದಕ್ಕೂ ಈಗ ನಿಮಗೆ ಟಿಕೆಟ್ ಇಲ್ಲ. ‘ಮಂದಿ ನೋಡಿದ್ರ ಏನಂತಾರ’ ಎಂಬುದೊಂದೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತಿದೆ. ಮಂದಿ ಅನ್ನಲಿ. 2022ರೊಂದರಲ್ಲೇ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಬರೆದಿಟ್ಟಿದೆ. ಆ ಮನೆಗಳ ಮುಂದೆಯೂ ಮಂದಿ ಸೇರಿದ್ದರು, ಮೂರನೇ ದಿನಕ್ಕೆ ಚದುರಿದರು.

ಮದುವೆಯ ಬೆದರಿಕೆ ಇನ್ನು ಸಾಕು. ಕರ್ನಾಟಕದಲ್ಲಿ 2016ರ ತಿದ್ದುಪಡಿಯಾದ ಮೇಲೆ ಹದಿನೆಂಟರೊಳಗಿನ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು, ಮಾಡಿಸಿದವರು ಅಪರಾಧಿಗಳು. ಪಿಡಿಒ, ಸಿಡಿಪಿಒ ತಡೆಯಬೇಕಾದವರು. ಅವಳು ಫೇಲಾದರೂ ಕಳೆದುಹೋಗುವುದು ಏನೂ ಇಲ್ಲ: 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ, ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಲೆಕ್ಕ. ಮೊದಲನೆಯದರ ಫಲಿತಾಂಶ ಬಂದ ಕೆಲವೇ ವಾರಕ್ಕೆ ಎರಡನೆಯದು. ಆದರೆ ಅದೇ ಕೆಲವು ವಾರಗಳಲ್ಲಿ ಬಸವ ಜಯಂತಿಯ ಆಸುಪಾಸಿನ ಲಗ್ನಗಳೂ ಬರುತ್ತವೆ, ಯಾರ ಮನೆಗೆ ಕನ್ಯೆ ನೋಡಲು ಯಾರು ಬರುತ್ತಾರೆ ಎಂದು ಓಣಿಗೆ ಗೊತ್ತಿರುತ್ತದೆ. ಫಲಿತಾಂಶದ ದಿನ ಮುಖ್ಯೋಪಾಧ್ಯಾಯರು ಮೊದಲ ಫೋನನ್ನು ಟಾಪರ್ ಮನೆಗೆ ಮಾಡದಿರಲಿ. ಪಾಸಾಗದ ಹುಡುಗಿಯರ ಪಟ್ಟಿ ಹಿಡಿದು ಅವತ್ತೇ ಒಬ್ಬ ಅಕ್ಕೋರು, ಒಬ್ಬ ಆಶಾ ಕಾರ್ಯಕರ್ತೆ ಒಂದೊಂದೇ ಮನೆಗೆ ಹೋಗಲಿ. ಅಪ್ಪ ಅವ್ವ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಪರೀಕ್ಷೆ-2ರ ಅರ್ಜಿಯನ್ನು ಅಲ್ಲೇ ತುಂಬಿಸಲಿ, ಸಹಿ ಮಾಡಿಸಲಿ. ಹೊರಡುವ ಮುಂಚೆ ಹುಡುಗಿಯನ್ನು ಹಿತ್ತಿಲಿಗೆ ಕರೆದು, ಮನೆಯವರು ಯಾರೂ ಇಲ್ಲದ ಹೊತ್ತಿನಲ್ಲಿ, ಊಟ ಮಾಡಿದ್ದಾಳೋ ಇಲ್ಲವೋ ಎಂಬುದರಿಂದ ಮಾತು ಶುರು ಮಾಡಲಿ.